ಬೊಚ್ಚಮ್ಮನ ಕಾಗುಣಿತ

ಉಜ್ಜುವ ಯಂತ್ರ ಇವತ್ತು ಅರ್ಧ ಸ್ವರ ಇಳಿದಿದೆ, ನಿನ್ನೆ ಹೀಗಿರಲಿಲ್ಲ, ನಿನ್ನೆ ಅಮ್ಮನ ಶ್ರುತಿಗೆ ಸರಿಯಾಗಿ ಗುಂಯ್ ಅನ್ನುತ್ತಿತ್ತು, ಬೆಲ್ಟು ಸಡಿಲಾಗಿರಬೇಕು ಇಲ್ಲವೇ ಅವಳೇ ಜೋರಾಗಿ ಒತ್ತುತ್ತಿರಬೇಕು — ಹೌದು, ಒತ್ತುತ್ತಿದ್ದಾಳೆ, ಯಾರದೋ ಮೇಲ್ದವಡೆಯ ಹಲ್ಲುಸೆಟ್ಟು ಬೆರಳುಗಳ ನಡುವೆ ಬಿಸಿಯಾಗುತ್ತಿದೆ, ಇನ್ನೊಂದು ಸುತ್ತು ಹೀಗೇ ಒತ್ತಿದರೆ ವಸಡಿನ ಗುಲಾಬಿ ಬಣ್ಣ ಸುಟ್ಟು ಕಂದಾಗುತ್ತದೆ, ಪಾಪ ಆ ಮನುಷ್ಯ ಇವಳಿಗೇನು ಮಾಡಿದ್ದಾನೆ, ಒತ್ತಬೇಕಾದದ್ದು ಅಣ್ಣನ ಹಲ್ಲನ್ನು. ತೆಗೆದಳು, ಪುಡಿ ಊದಿದಳು, ಅಂಗೈ ಮೇಲಿಟ್ಟು ನೋಡಿದಳು. ಹಲ್ಲುಸೆಟ್ಟನ್ನು ಅಂಗೈ ಮೇಲಿಟ್ಟೇ ನೋಡಬೇಕು, ಮೇಜಿನ ಮೇಲಲ್ಲ, ಮೂವತ್ತು ವರ್ಷದಿಂದ ಈ ಹಲ್ಲಿನ ಲ್ಯಾಬಿಗೆ ಬಂದ ಹೊಸಬರಿಗೆಲ್ಲ ಅವಳು ಹೇಳಿಕೊಟ್ಟ ಮೊದಲ ಪಾಠ ಅದು, ಅಂಗೈ ಬೆಚ್ಚಗಿರುತ್ತದೆ, ಮೆತ್ತಗಿರುತ್ತದೆ, ಅಲ್ಲಿ ಅಲುಗಾಡದೆ ಕೂತರೆ ಬಾಯಲ್ಲೂ ಕೂರುತ್ತದೆ, ಆದರೆ ಬೇರೆಯವರ ಹಲ್ಲನ್ನು ಅಂಗೈಯಲ್ಲಿ ಹಿಡಿದು ನಿಂತಾಗ ಮೊದಮೊದಲು ಎಲ್ಲರಿಗೂ ಬಾಯಿ ಕಟ್ಟಿಹೋಗುತ್ತದೆ, ಎಂಥ ವಾಚಾಳಿಯೂ ಮೂಕ. ನಾಲ್ಕಕ್ಕೆ ಅಣ್ಣ ಮನೆಗೆ ಬರುತ್ತಾನೆ. ಹೆಚ್ಚು ಮಾತಾಡುವವನಲ್ಲ ಅವನು, ಕಚೇರಿಯಲ್ಲಿ ಜೀವಮಾನವಿಡೀ ಬೇರೆಯವರು ಬರೆದದ್ದರ ಕೆಳಗೆ ಸಹಿ ಹಾಕಿ ಹಾಕಿ ಅವಧಿಗೆ ಮೊದಲೇ ನಿವೃತ್ತನಾದವನು, ಮಾತೂ ಸಹಿಯಷ್ಟೇ, ನಿನ್ನೆ ಬಾಗಿಲಲ್ಲೇ ನಿಂತು ಹೇಳಿ ಹೋದ, ನಾಳೆ ನಾಲ್ಕು ಗಂಟೆಗೆ ಬರ್ತೀನಿ, ನನ್ನ ಕಣ್ಣೆದುರಿಗೇ ಅದನ್ನೆಲ್ಲ ಅಳಿಸ್ಬೇಕು, ಇಲ್ಲಾಂದ್ರೆ ಅಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ಆಮೇಲೆ ನೀನುಂಟು ನಿನ್ನ ಕಂಪ್ಯೂಟರುಂಟು. ಅವಳೇನಂದಳು? ಆಯ್ತು ಅಂದಳು. ಐವತ್ತೊಂದು ವರ್ಷದ ಹೆಂಗಸು, ಊರಿನ ಅರ್ಧ ಮುದುಕರು ಅವಳು ಮಾಡಿದ ಹಲ್ಲಿನಿಂದ ಜಗಿಯುತ್ತಾರೆ, ಬಯ್ಯುತ್ತಾರೆ, ನಗುತ್ತಾರೆ, ಅಂಥವಳು ಅಣ್ಣನ ಮುಂದೆ ತಲೆ ತಗ್ಗಿಸಿ ಆಯ್ತು ಅಂದಳಲ್ಲ, ಆ ಆಯ್ತು ರಾತ್ರಿಯಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಇಲ್ಲ, ಅಳಿಸುವುದಿಲ್ಲ. ಏನು ಮಾಡ್ಕೊಳ್ತಾನೋ ಮಾಡ್ಕೊಳ್ಳಲಿ.

ಅಳಿಸುವುದಕ್ಕೆ ಅದೇನು ಸ್ಲೇಟಿನ ಮೇಲಿನ ಲೆಕ್ಕವೇ, ಅದು ರೆಕಾರ್ಡ್ ಮಾಡಿಟ್ಟ ಒಂದು ಕಂಠ, ನಾನೂರ ಹನ್ನೆರಡು ಚೂರುಗಳಿರುವ ಕಂಠ, ಒಂದೊಂದು ಚೂರೂ ಒಂದೊಂದು ಅಕ್ಷರ, ಒಂದೊಂದನ್ನೂ ಅವಳೇ ಪರದೆಯ ಮೇಲೆ ಬಿಡಿಸಿಟ್ಟು ಗೆರೆ ಎಳೆದಿದ್ದಾಳೆ, ಇಲ್ಲಿಗೆ ಕ್ ಮುಗಿಯಿತು, ಇಲ್ಲಿಂದ ಅ ಶುರು, ಈ ಗೆರೆಯಿಂದ ಆ ಗೆರೆಯವರೆಗಿನದನ್ನು ಎಷ್ಟು ಬೇಕಾದರೂ ಎಳೆಯಬಹುದು, ಅದರಾಚೆಗೆ ಮುಟ್ಟಕೂಡದು, ಕಂಪ್ಯೂಟರಿನೊಳಗಿನ ಹಾಡಿನ ಯಂತ್ರಕ್ಕೆ ಇಷ್ಟು ಹೇಳಿಕೊಟ್ಟರೆ ಸಾಕು, ಆಮೇಲೆ ನೀವು ಯಾವ ರಾಗ ಕೊಡಿ, ಯಾವ ಮಾತು ಕೊಡಿ, ಆ ಚೂರುಗಳನ್ನೇ ಹೊಲಿದು ಹಾಡುತ್ತದೆ. ಸಾಫ್ಟ್‌ವೇರು ಪುಕ್ಕಟೆ, ಮಾಡುವವರಿಗೆ ಮಾತ್ರ ಬೆನ್ನು ಬಿದ್ದುಹೋಗುತ್ತದೆ. ಜಗತ್ತಿನ ತುಂಬ ಇಂಥ ಹುಚ್ಚು ಹಿಡಿದವರಿದ್ದಾರೆ ಎಂದು ಅವಳಿಗೆ ಗೊತ್ತಾದದ್ದು ನಾಲ್ಕು ವರ್ಷದ ಹಿಂದೆ, ಒಬ್ಬಳು ತನ್ನ ಶೀತವಾದ ಗಂಟಲನ್ನೇ ಕಂಠ ಮಾಡಿದ್ದಳು, ಒಬ್ಬ ತನ್ನ ಹಳೆಯ ಬಾಗಿಲಿನ ಕಿರುಗುಟ್ಟುವಿಕೆಯನ್ನು ಮಾಡಿದ್ದ, ಆ ಬಾಗಿಲು ಲಾಲಿ ಹಾಡುತ್ತಿತ್ತು, ಅವಳು ಕೇಳಿ ಬೆರಗಾಗಿ ಕೂತಿದ್ದಳು. ಮೊದಲು ತನ್ನದೇ ಗಂಟಲು ಪ್ರಯತ್ನಿಸಿದಳು, ಕೇಳಿದರೆ ಬ್ಯಾಂಕಿನ ಕೌಂಟರಿನಲ್ಲಿ ಟೋಕನ್ ನಂಬರು ಕೂಗಿದ ಹಾಗಿತ್ತು. ಆಮೇಲೆ ಅಮ್ಮನ ಗಂಟಲು. ಕಂಠಕ್ಕೊಂದು ಹೆಸರು ಬೇಕಲ್ಲ, ಬೊಚ್ಚಮ್ಮ ಅಂತ ಇಟ್ಟಳು, ಎಲ್ಲಿಯದೋ ಒಂದು ಹುಡುಗಿ ತಾನಾಗಿ ಒಂದು ಚಿತ್ರ ಬರೆದು ಕಳಿಸಿದಳು, ದಪ್ಪ ಮೂಗಿನ ಅಜ್ಜಿ, ಕೈಯಲ್ಲಿ ಹಲ್ಲುಸೆಟ್ಟನ್ನು ಬ್ಯಾಟರಿಯ ಹಾಗೆ ಮುಂದಕ್ಕೆ ಹಿಡಿದು ನಿಂತಿದ್ದಾಳೆ. ತುಕ್ಕುಮೊಳೆ ರಾಗ ಹಾಕಿದ. ತುಕ್ಕುಮೊಳೆ ಅನ್ನುವುದು ಆ ಆನ್‌ಲೈನ್ ಬಳಗದಲ್ಲಿ ಅವನು ಇಟ್ಟುಕೊಂಡ ಹೆಸರು, ಕಸುಬು ಬಸ್ ಡ್ರೈವರು, ಮುಖ ಅವಳು ನೋಡಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಸ್ಟಿಯರಿಂಗಿನ ಮೇಲೆ ತಾಳ ಹಾಕಿ ರಾಗ ಕಟ್ಟುತ್ತಾನಂತೆ, ಅಕ್ಕಾ ಸಿಗ್ನಲ್ ಹಸಿರಾಯ್ತು ಆಮೇಲೆ ಹೇಳ್ತೀನಿ ಅನ್ನುತ್ತಾನೆ. ಮಾತು ಅವಳು ಬರೆದಳು. ನಲ್ಲಿ ನಿಲ್ಲಿಸಿದವನೇ ಕೇಳು, ನೀರು ನಿಂತಿತು, ನಾನೆಲ್ಲಿ ನಿಂತೆ. ನೆಟ್ಟಿಗೆ ಹಾಕಿದರೆ ನಲವತ್ತು ಸಾವಿರ ಜನ ಕೇಳಿದರು. ನಲವತ್ತು ಸಾವಿರದ ಒಂದನೆಯವರು ಅಣ್ಣನ ಬೀಗರು, ಮಗಳನ್ನು ಕೊಟ್ಟ ಮನೆಯವರು, ಕಾಫಿ ಕುಡಿಯುತ್ತಾ ಫೋನು ಮುಂದಿಟ್ಟು ಇದೊಂದು ಕೇಳಿ ಸ್ವಾಮಿ ತುಂಬಾ ಮಜವಾಗಿದೆ ಅಂದರಂತೆ, ಅಣ್ಣನ ಕೈಯಲ್ಲಿದ್ದ ಕಾಫಿ ಅಲ್ಲೇ ತಣ್ಣಗಾಯಿತು.

ಡಾಕ್ಟ್ರು ಬಾಗಿಲಿಂದ ಇಣುಕಿ ಆ ಮೇಲ್ದವಡೆ ಆಯ್ತೇನ್ರೀ ಅಂದರು, ಆಯ್ತು ಡಾಕ್ಟ್ರೇ, ಸ್ವಲ್ಪ ಪಾಲಿಶ್ ಬಾಕಿ, ಇವತ್ತು ಅರ್ಧ ದಿನ ಅಲ್ವಾ ನಿಮ್ದು, ಹೌದು, ಒಂದೂವರೆಗೆ ಹೊರಡ್ತೀನಿ — ಅರ್ಧ ದಿನ, ವಾರಕ್ಕೆ ಎರಡು ಅರ್ಧ ದಿನ, ಆ ಅರ್ಧ ದಿನಗಳಲ್ಲೇ ಬೊಚ್ಚಮ್ಮ ಹುಟ್ಟಿದ್ದು. ಮಧ್ಯಾಹ್ನ ಎರಡರಿಂದ ಮೂರು, ಆಗ ಮಾತ್ರ ಕಟ್ಟಡದ ನೀರಿನ ಪಂಪು ಸುಮ್ಮನಿರುತ್ತದೆ, ಮೇಲಿನ ಮನೆಯವರು ಕೆಲಸಕ್ಕೆ ಹೋಗಿರುತ್ತಾರೆ, ಶಾಲೆ ಬಿಟ್ಟಿರುವುದಿಲ್ಲ. ಬಟ್ಟೆಯ ಬೀರು ಖಾಲಿ ಮಾಡಿ ಒಳಗೆ ಕಂಬಳಿ ತೂಗುಹಾಕಿ ಕೆಳಗೊಂದು ಸ್ಟೂಲು, ಎಪ್ಪತ್ತೆಂಟು ವರ್ಷದ ಅಮ್ಮ ಬೀರುವಿನೊಳಗೆ ಮೊಣಕಾಲು ಮಡಚಿ ಕೂತಿರುತ್ತಾಳೆ, ಕಣ್ಣಾಮುಚ್ಚಾಲೆ ಆಡಲು ಬಂದವಳ ಹಾಗೆ, ಬಾಯಿಯ ಮುಂದೆ ಮೈಕು, ಮೈಕಿಗೊಂದು ಹಳೆಯ ಕಾಲುಚೀಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಪೇಪರು ಓದುವಾಗ ಈಗಲೂ ಬೆರಳಿಟ್ಟು ಓದುತ್ತಾಳೆ, ಆದರೆ ಕಾಗುಣಿತ ಮಾತ್ರ ನೀರು ಕುಡಿದ ಹಾಗೆ, ಕ ಕಾ ಕಿ ಕೀ, ಅಲ್ಲ ಅಮ್ಮ ಓಡಬೇಡ, ಒಂದೊಂದೇ, ಒಂದೊಂದಕ್ಕೂ ಒಂದು ಉಸಿರು, ಎಲ್ಲಾ ಒಂದೇ ಎತ್ತರದಲ್ಲಿ, ಹತ್ತೋದು ಬೇಡ ಇಳಿಯೋದೂ ಬೇಡ, ಅಯ್ಯೋ ಹಾಗಾದ್ರೆ ಇದು ಮೇಷ್ಟ್ರು ಬೆತ್ತ ಹಿಡ್ಕೊಂಡು ನಿಂತ ಹಾಗೇ ಆಯ್ತಲ್ಲೇ. ಕೋಣೆಯಲ್ಲಿ ಯಾರಿದ್ದರೂ ಉಸಿರು ಬಿಡುವ ಹಾಗಿಲ್ಲ, ಕಾಲು ಕದಲಿಸುವ ಹಾಗಿಲ್ಲ, ಒಂದು ಚಮಚ ಮೇಜಿನ ಮೇಲಿಟ್ಟರೂ ಆ ಸದ್ದು ಅಕ್ಷರದೊಳಗೆ ಸೇರಿಬಿಡುತ್ತದೆ, ಸೇರಿದರೆ ಮುಗಿಯಿತು, ಆ ಅಕ್ಷರ ಬಂದಾಗೆಲ್ಲ ಚಮಚವೂ ಹಾಡುತ್ತದೆ. ಫ್ರಿಜ್ಜು ಆರಿಸಬೇಕು. ಒಂದು ದಿನ ಟ ಠ ಮುಗಿಸಿದ ಖುಷಿಯಲ್ಲಿ ಫ್ರಿಜ್ಜನ್ನು ಮತ್ತೆ ಹಾಕುವುದೇ ಮರೆತುಹೋಗಿ ಮರುದಿನ ಹಾಲು ಒಡೆದಿತ್ತು, ಅಮ್ಮ ಪಾತ್ರೆ ಓರೆ ಮಾಡಿ ನೋಡಿ ನಿಮ್ಮಪ್ಪ ಹೇಳಿದ್ದು ಕೊನೆಗೂ ನಿಜ ಆಯ್ತು ನೋಡು ಅಂದಳು, ಅಂದು ನಕ್ಕಳು, ನಗುತ್ತಾ ನಗುತ್ತಾ ಗೋಡೆ ಹಿಡಿದುಕೊಂಡಳು, ಇವಳು ನಗಲಿಲ್ಲ.

ಏಕೆಂದರೆ ಅಪ್ಪ ಅದನ್ನು ಹೇಳಿದಾಗ ಅವಳು ಅಲ್ಲೇ ಇದ್ದಳು, ಒಂಬತ್ತು ವರ್ಷ, ಅಡುಗೆಮನೆಯ ಬಾಗಿಲಲ್ಲಿ ಪಾಟಿಚೀಲ ಹಿಡಿದು. ಅಮ್ಮ ಹಾಡುತ್ತಿದ್ದದ್ದು ಪಾತ್ರೆ ತೊಳೆಯುವಾಗ ಮಾತ್ರ, ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರು ಧೋ ಅಂತ ಬೀಳುವಾಗ ಅದರ ಅಡಿಯಲ್ಲಿ ಸಣ್ಣಗೆ, ಹೊರಗಿನವರಿಗೆ ನೀರಿನ ಸದ್ದೇ ಕೇಳಬೇಕು, ಒಳಗಿನವರಿಗೆ ಹಾಡು. ಅವತ್ತು ಅಪ್ಪ ಬರಿಗಾಲಿನಲ್ಲಿ ಬಂದ, ಬೆರಳು ತುಟಿಗಿಟ್ಟು ಅಣ್ಣನಿಗೂ ಇವಳಿಗೂ ಸುಮ್ಮನಿರಿ ಅಂತ ಸನ್ನೆ ಮಾಡಿದ, ಏನೋ ತಮಾಷೆ ಅಂತ ಇಬ್ಬರೂ ಹಲ್ಲು ಕಿರಿದು ನಿಂತರು, ಅಮ್ಮನ ಬೆನ್ನ ಹಿಂದಿಂದ ಕೈ ಚಾಚಿ ನಲ್ಲಿ ತಿರುಗಿಸಿಬಿಟ್ಟ. ನೀರು ನಿಂತಿತು. ಅಮ್ಮನ ದನಿ ಒಂದು ಕ್ಷಣ, ಪೂರ್ತಿ ಒಂದು ಕ್ಷಣ ಗಾಳಿಯಲ್ಲಿ ಬತ್ತಲೆ ಉಳಿಯಿತು, ಆಮೇಲೆ ಅದೂ ನಿಂತಿತು, ನಿನ್ನ ಕಂಠ ಕೇಳಿದ್ರೆ ಹಾಲು ಒಡೆಯುತ್ತೆ ಕಣೇ ಅಂದ ಅಪ್ಪ, ಹದಿನಾಲ್ಕು ವರ್ಷದ ಅಣ್ಣ ಕಿಸಕ್ಕನೆ ನಕ್ಕ, ಇವಳೂ ನಕ್ಕಳು — ಹೌದು, ನಕ್ಕಳು, ಸುಳ್ಳು ಯಾಕೆ ಹೇಳಬೇಕು, ಅಪ್ಪ ನಕ್ಕರೆ ಮನೆಯಲ್ಲಿ ಎಲ್ಲರೂ ನಗಬೇಕಿತ್ತು. ಕೆಟ್ಟವನಲ್ಲ ಅಪ್ಪ, ಕೈ ಎತ್ತಿದವನಲ್ಲ, ಕುಡಿದವನಲ್ಲ, ಬರೀ ತಮಾಷೆ ಮಾಡಿದ, ಒಂದು ತಮಾಷೆಗೆ ನಲವತ್ತು ವರ್ಷ ಅಮ್ಮನ ಬಾಯಿ ಮುಚ್ಚಿಹೋಯಿತು, ಅವನು ಸತ್ತು ಹನ್ನೊಂದು ವರ್ಷವಾದ ಮೇಲೂ ಪಾತ್ರೆ ತೊಳೆಯುವಾಗ ನಲ್ಲಿ ತೆರೆದೇ ಗುನುಗುತ್ತಾಳೆ. ಬೀರುವಿನೊಳಗೆ ಕೂತ ಮೊದಲ ವಾರ ಅಮ್ಮನಿಗೆ ದನಿಯೇ ಏಳಲಿಲ್ಲ, ಕ ಅಂದರೆ ಗಾಳಿ, ಖ ಅಂದರೆ ಕೆಮ್ಮು, ಕೊನೆಗೆ ತಾನೇ ಎದ್ದು ಹೋಗಿ ಅಡುಗೆಮನೆಯ ನಲ್ಲಿ ತಿರುಗಿಸಿ ಬಂದು ಕೂತಳು, ಈಗ ಬರುತ್ತೆ ನೋಡು, ಬಂತು, ಎಂಥಾ ದನಿ ಬಂತು, ಒಂದು ಕಡೆ ಸ್ವಲ್ಪ ಸವೆದ, ಮಧ್ಯದಲ್ಲಿ ಗಟ್ಟಿಯಾದ, ಕೊನೆಗೆ ಒಂಚೂರು ನಡುಗುವ — ಆ ವಾರದ ಕ ಸಾಲು ಪೂರ್ತಿ ನೀರಿನ ಸದ್ದಿನಲ್ಲಿ ಹಾಳಾಯಿತು, ಎಸೆಯಬೇಕಾಯಿತು, ಆದರೆ ಎಸೆಯಲಿಲ್ಲ, ಬೇರೆ ಕಡೆ ಇಟ್ಟಿದ್ದಾಳೆ. ಎರಡನೇ ವಾರ ನಲ್ಲಿಯನ್ನು ಅರ್ಧ ತೆರೆದರು. ಮೂರನೇ ವಾರ ಬರೀ ಹನಿ. ನಾಲ್ಕನೇ ವಾರ ಮುಚ್ಚಿದರು. ಇದೆಲ್ಲ ಅಣ್ಣನಿಗೆ ಹೇಳಿದರೆ ಅರ್ಥವಾಗುತ್ತದೆಯೇ, ಅವನು ಕೇಳುವುದು ಒಂದೇ, ಅಪ್ಪನ್ನ ಆಡ್ಕೊಂಡು ಹಾಡು ಕಟ್ಟಿದ್ದೀಯ, ಅದೂ ಅಮ್ಮನ ಬಾಯಲ್ಲೇ ಹಾಡಿಸಿದ್ದೀಯ, ಊರೆಲ್ಲ ನಗ್ತಾ ಇದೆ. ನಗಲಿ ಮಾರಾಯ, ಅವತ್ತು ನಾವು ನಗಲಿಲ್ಲವೇ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಇಂಜಿನ್ನು ಅಮ್ಮನ ಶ್ರುತಿಗಿಂತ ಎರಡು ಸ್ವರ ಕೆಳಗೆ, ಮುಂದಿನ ಸೀಟಿನವನ ಹಲ್ಲು ಕಟ್ಟಿಸಿದ್ದು, ಅವಳು ಕಟ್ಟಿದ್ದಲ್ಲ, ಇಷ್ಟು ಬಿಳುಪು ಅವಳು ಯಾರಿಗೂ ಹಾಕುವುದಿಲ್ಲ. ಅಣ್ಣ ನಿನ್ನೆ ಹೇಳಿದ್ದರಲ್ಲಿ ಒಂದು ಮಾತು ಮಾತ್ರ ಸರಿಯಾದ ಜಾಗಕ್ಕೆ ತಗುಲಿತು, ಅಮ್ಮನ್ನ ಕೇಳಿದ್ದೀಯಾ? ಕೇಳಿಲ್ಲ. ಇದೊಂದೇ ಕಾರಣಕ್ಕೆ ಆ ಹಾಳು ಆಯ್ತು ಬಾಯಿಂದ ಬಿತ್ತು. ಅಮ್ಮನಿಗೆ ಹೇಳಿದ್ದು ಹಲ್ಲಿನ ಕಥೆ, ಹಳೇ ಸೆಟ್ಟು ಸವೆದಿದೆ ಅಮ್ಮ, ಹೊಸದು ಮಾಡ್ತೀನಿ, ಅದಕ್ಕೆ ಮೊದಲು ನೀನು ಅಕ್ಷರಗಳನ್ನ ಹೇಗೆ ಹೇಳ್ತೀಯ ಅಂತ ರೆಕಾರ್ಡ್ ಮಾಡ್ಕೋಬೇಕು, ಲ್ಯಾಬಲ್ಲಿ ಎಲ್ಲರಿಗೂ ಹೀಗೇ ಮಾಡೋದು. ಪೂರ್ತಿ ಸುಳ್ಳಲ್ಲ, ಡಾಕ್ಟ್ರು ಹೊಸ ಹಲ್ಲು ಕೂರಿಸಿದವರಿಗೆ ಸಾಸಿವೆ ಸಾಸಿವೆ ಅನ್ನಿ ಅನ್ನುತ್ತಾರೆ, ಆದರೆ ಸಾಸಿವೆ ಎಲ್ಲಿ, ನಾನೂರ ಹನ್ನೆರಡು ಎಲ್ಲಿ. ಹಾಡ್ತೀಯಾ ಅಂತ ಕೇಳಿದ್ದರೆ ಅಮ್ಮ ಖಂಡಿತ ಥೂ ಹೋಗೇ ಅನ್ನುತ್ತಿದ್ದಳು, ಅದಕ್ಕೇ ಕೇಳಲಿಲ್ಲ, ಒಳ್ಳೆಯದಕ್ಕೇ ಕೇಳಲಿಲ್ಲ, ಅಪ್ಪನೂ ಒಳ್ಳೆಯದಕ್ಕೇ ನಲ್ಲಿ ನಿಲ್ಲಿಸಿದ್ದೆ ಅನ್ನುತ್ತಿದ್ದನೇನೋ — ಛೇ, ಇದೆಂಥ ಹೋಲಿಕೆ, ಬಿಡು. ಆ ಹಲ್ಲಿನ ಕಥೆಯೇ ಕೊನೆಗೆ ಕೈ ಕೊಟ್ಟಿತು. ಸುಳ್ಳು ನಿಜವೆನಿಸಬೇಕಲ್ಲ, ನಡುವೆ ನಿಜವಾಗಿಯೂ ಹೊಸ ಸೆಟ್ಟು ಮಾಡಿದಳು, ಚೆನ್ನಾಗಿಯೇ ಮಾಡಿದಳು, ಅಮ್ಮ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡು ನನಗಿಂತ ಚಿಕ್ಕೋಳ ಹಲ್ಲಿದು ಅಂದಳು, ಉಳಿದ ಅಕ್ಷರಗಳನ್ನು ಆ ಹಲ್ಲಿನಲ್ಲೇ ಹೇಳಿದಳು, ಇವಳು ಅದೇ ಉತ್ಸಾಹದಲ್ಲಿ ರೆಕಾರ್ಡ್ ಮಾಡುತ್ತಾ ಹೋದಳು. ಕ ಇಂದ ನ ವರೆಗೆ ಹಳೇ ಬಾಯಿ, ಪ ಇಂದ ಮುಂದಕ್ಕೆ ಹೊಸ ಬಾಯಿ. ಮೂವತ್ತು ವರ್ಷ ಹಲ್ಲು ಮಾಡಿದವಳಿಗೆ ಅಷ್ಟೂ ಹೊಳೆಯಲಿಲ್ಲ! ಹಾಡು ಹೊರಗೆ ಹೋದ ಮಾರನೇ ದಿನವೇ ತುಕ್ಕುಮೊಳೆ ಬರೆದಿದ್ದ, ಅಕ್ಕಾ ತಪ್ಪು ತಿಳ್ಕೋಬೇಡಿ, ನಿಮ್ಮ ಬೊಚ್ಚಮ್ಮ ಒಬ್ರೇನಾ ಇಬ್ರಾ? ನಲ್ಲಿ ಎನ್ನುವ ಒಂದೇ ಮಾತಿನಲ್ಲಿ ನ ಸಡಿಲ ಹಲ್ಲಿನದು, ಮೆತ್ತಗೆ, ಕೊಂಚ ಜೊಲ್ಲು, ಅದರ ಹಿಂದೆಯೇ ಲ್ಲಿ ಬಿಗಿಯಾಗಿ ಕಟಕ್ ಅಂತ. ಬೇರೆ ಯಾರಿಗೂ ಗೊತ್ತಾಗಲಿಲ್ಲ, ಅವಳಿಗೆ ಗೊತ್ತಾಗುತ್ತದೆ, ಪ್ರತಿಸಲ ಗೊತ್ತಾಗುತ್ತದೆ.

ಎರಡು ನಿಲ್ದಾಣ ಬಾಕಿ. ಹೇಳಿಬಿಡುತ್ತಾಳೆ, ಅಣ್ಣ ಬರುವ ಮೊದಲೇ ಅಮ್ಮನ ಮುಂದೆ ಕೂತು ಎಲ್ಲ ಹೇಳಿಬಿಡುತ್ತಾಳೆ, ಅಮ್ಮ ಬೇಡ ಅಂದರೆ — ಬೇಡ ಅಂದರೆ ಅಳಿಸುತ್ತಾಳೆ, ಅಮ್ಮ ಅಂದರೆ ಅಳಿಸುತ್ತಾಳೆ, ಅಣ್ಣ ಅಂದದ್ದಕ್ಕಲ್ಲ, ನಾನೂರ ಹನ್ನೆರಡನ್ನೂ ಒಂದೊಂದಾಗಿ, ಆಮೇಲೆ ಮನೆಯಲ್ಲಿ ಏನುಳಿಯುತ್ತದೆ, ಫ್ರಿಜ್ಜಿನ ಗುಂಯ್ ಉಳಿಯುತ್ತದೆ. ಅಮ್ಮನಿಗೆ ಕೋಪ ಬರುತ್ತದೆ. ಇಲ್ಲ, ಕೋಪ ಬಂದರೆ ಪರವಾಗಿಲ್ಲ, ನಾಚಿಕೆಯಾಗಿಬಿಟ್ಟರೆ? ನಲವತ್ತು ಸಾವಿರ ಜನರ ಮುಂದೆ ಮತ್ತೆ ಯಾರೋ ಬೆನ್ನ ಹಿಂದಿನಿಂದ ಬಂದು ನಲ್ಲಿ ನಿಲ್ಲಿಸಿದ ಹಾಗಾದರೆ? ಈಚೆಗೆ ಅಮ್ಮ ಸ್ವಲ್ಪ ಬೇರೆ ಥರವೇ ಇದ್ದಾಳೆ, ವಾರಕ್ಕೆರಡು ಸಲ ಕೆಳಮನೆಯ ದರ್ಜಿಯ ಹತ್ತಿರ ಗುಂಡಿ ಹಾಕಿಸಲು ಹೋಗುತ್ತಾಳೆ, ಎಷ್ಟು ಗುಂಡಿ ಕಿತ್ತುಹೋಗುತ್ತದಪ್ಪ ಒಬ್ಬ ಮುದುಕಿಯದು, ಸೂಜಿ ದಾರ ಮನೆಯಲ್ಲೇ ಇದೆ, ಕೇಳಿದರೆ ಅವಳು ಚೆನ್ನಾಗಿ ಹಾಕ್ತಾಳೆ ಬಿಡು. ಮತ್ತೆ ಇನ್ನೊಂದು, ಇದು ನಿನ್ನೆಯಿಂದ ತಲೆ ತಿನ್ನುತ್ತಿದೆ, ಬೀಗರ ಫೋನಿನಲ್ಲಿ ಎರಡೇ ಸಾಲು ಕೇಳಿ ಅಣ್ಣನಿಗೆ ಅದು ಅಮ್ಮ ಅಂತ ಹೇಗೆ ಗೊತ್ತಾಯಿತು? ಮಾತಾಡುವ ಅಮ್ಮನ ದನಿಗೂ ಅದಕ್ಕೂ ಸಂಬಂಧವೇ ಇಲ್ಲ, ಯಂತ್ರ ಅದನ್ನು ಎಳೆದಿದೆ, ಏರಿಸಿದೆ, ಗುರುತು ಹಿಡಿಯಬೇಕಾದರೆ ಹಾಡುವ ಅಮ್ಮ ನೆನಪಿರಬೇಕು, ಅಂದರೆ ಅವನಿಗೂ ನೆನಪಿದೆ, ಇಷ್ಟು ವರ್ಷ ಅವನ ಕಿವಿಯಲ್ಲೂ ಆ ನೀರಿನಡಿಯ ದನಿ ಕೂತಿದೆ, ಕಳ್ಳ. ಹಾಗಾದರೆ ಅಳಿಸಬೇಕಾದದ್ದು ಬರೀ ಕಂಪ್ಯೂಟರಿನದ್ದಲ್ಲ. ಇಳಿದಳು, ಬ್ಯಾಗು ಹೆಗಲಿಗೇರಿಸಿದಳು, ನಡೆದಳಲ್ಲ, ಓಡಿದಳು, ಗಂಟೆ ಎರಡು, ಪಂಪು ನಿಂತಿದೆ, ಕಟ್ಟಡ ಮೌನ, ಇನ್ನೂ ಎರಡು ಗಂಟೆ ಇದೆ, ಮೆಟ್ಟಿಲು ಹತ್ತಿದಳು, ಬಾಗಿಲ ಮುಂದೆ ಅಣ್ಣನ ಶೂಗಳು, ಅಚ್ಚುಕಟ್ಟಾಗಿ, ಜೊತೆಜೊತೆಯಾಗಿ.

ನಾಲ್ಕು ಅಂದವನು ಎರಡಕ್ಕೇ ಬಂದಿದ್ದಾನೆ, ಯಾವಾಗಲೂ ಹೀಗೇ, ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದಾನೆ, ಏನನ್ನೂ ಮುಟ್ಟಿಲ್ಲ, ಮುಟ್ಟಲು ಗೊತ್ತಿಲ್ಲ, ಪರದೆಯನ್ನು ದಿಟ್ಟಿಸಿ ಹೆದರಿಸಲು ನೋಡುತ್ತಿದ್ದಾನೆ. ಅಡುಗೆಮನೆಯಲ್ಲಿ ನಲ್ಲಿ ಧೋ ಅನ್ನುತ್ತಿದೆ, ಅಮ್ಮನ ಬೆನ್ನು, ಅಮ್ಮನ ಮೊಣಕೈ, ನೊರೆ. ಬಂದ್ಯಾ, ಬಾ, ಶುರು ಮಾಡು, ನನಗೆ ಬೇರೆ ಕೆಲಸ ಇದೆ ಅಂದ ಅಣ್ಣ. ಅಳಿಸಲ್ಲ ಅಂದಳು. ಎಷ್ಟು ಸಲೀಸಾಗಿ ಬಂತು, ಮುಳ್ಳು ತಾನಾಗಿ ಜಾರಿ ಹೋದ ಹಾಗೆ, ನಿನ್ನೆ ಆಯ್ತು ಅಂದೆ, ಅದು ತಪ್ಪು, ಮೊದಲು ಅಮ್ಮನ್ನ ಕೇಳಬೇಕು. ಕೇಳೋದೇನು, ಅಮ್ಮನಿಗೆ ಇವೆಲ್ಲ ಅರ್ಥ ಆಗುತ್ತೇನೇ? ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಅದೇ ಥರದ ಬಾಗಿಲು, ಹೆಗಲಲ್ಲಿ ಚೀಲ, ಒಂಬತ್ತು ವರ್ಷದ ಕಾಲುಗಳು, ಅಮ್ಮಾ, ನಿನ್ನ ಹತ್ರ ಒಂದು ಹೇಳಬೇಕು, ಆ ಅಕ್ಷರಗಳನ್ನ ಓದಿಸಿದ್ದು ಹಲ್ಲಿಗೋಸ್ಕರ ಅಲ್ಲ — ಗೊತ್ತು ಅಂದಳು ಅಮ್ಮ, ತಿರುಗದೆ. ಏನು ಗೊತ್ತು? ಹಲ್ಲು ನೋಡೋಕೆ ನಾನೂರು ಅಕ್ಷರ ಬೇಕೇನೇ ಪುಟ್ಟಿ, ಓದಿದ್ದು ಮೂರನೇ ಕ್ಲಾಸಾದ್ರೆ ಬುದ್ಧಿನೂ ಮೂರನೇ ಕ್ಲಾಸಾ, ಬೀರು ಒಳಗೆ ಕೂರಿಸಿ ಯಾರಾದ್ರೂ ಹಲ್ಲು ನೋಡ್ತಾರಾ? ಕೆಳಗಿನವಳ ಫೋನಲ್ಲಿ ಕೇಳಿದ್ದೀನಿ, ಒಂಬತ್ತು ಗುಂಡಿ ನಾನೇ ಕಿತ್ತು ಹಾಕಿಸ್ಕೊಂಡಿದ್ದೀನಿ ಅದಕ್ಕೋಸ್ಕರ, ನೀನಾಗಿ ಯಾವಾಗ ಹೇಳ್ತೀಯ ಅಂತ ಕಾಯ್ತಾ ಇದ್ದೆ, ನಿನಗೆ ಬಾಯಿ ಬರೋ ಹೊತ್ತಿಗೆ ನನ್ನ ಬಟ್ಟೆಲ್ಲ ಬರೀ ತೂತು. ಅವಳ ಕಣ್ಣು ತುಂಬಿತು, ನಾಚಿಕೆಗೋ ಖುಷಿಗೋ, ಎರಡಕ್ಕೂ, ಅಷ್ಟರಲ್ಲಿ ಅಣ್ಣ ಎದ್ದು ಬಂದ, ಅಮ್ಮ ನೀನು ಸುಮ್ನಿರು, ಅಪ್ಪನ್ನ ಆಡ್ಕೊಂಡಿದ್ದಾಳೆ ಇವಳು, ಜನ ನಗ್ತಾರೆ. ನಗ್ಲಿ, ಅಂದಳು ಅಮ್ಮ, ನೀನು ಅವತ್ತು ನಕ್ಕಿರಲಿಲ್ವಾ? ನನ್ನ ಬೆನ್ನಿಗೂ ಕಿವಿ ಇದೆ ಮಗಾ. ಅಮ್ಮ ಗುನುಗಲು ಶುರು ಮಾಡಿದಳು, ನೀರಿನ ಅಡಿಯಲ್ಲಿ, ಸಣ್ಣಗೆ, ಬೊಚ್ಚಮ್ಮನ ಹಾಡು, ನಲ್ಲಿ ನಿಲ್ಲಿಸಿದವನೇ ಕೇಳು, ಗುನುಗುತ್ತಲೇ ನೊರೆ ಮೆತ್ತಿದ ಕೈ ಚಾಚಿ ತಾನೇ ನಲ್ಲಿ ತಿರುಗಿಸಿದಳು. ನೀರು ನಿಂತಿತು. ಹಾಡು ನಿಲ್ಲಲಿಲ್ಲ. ಒಂದು ಕ್ಷಣ, ಎರಡು, ಇಡೀ ಸಾಲು, ಪಾತ್ರೆಗಳ ಮೇಲೆ, ಗೋಡೆಗಳ ಮೇಲೆ, ಅಣ್ಣನ ಬಿಳಿ ಅಂಗಿಯ ಮೇಲೆ, ನಾನೆಲ್ಲಿ ನಿಂತೆ ಎಂಬಲ್ಲಿ ಕೊನೆಗೆ ಒಂಚೂರು ನಡುಗಿ.

ಆದ್ರೆ ಚೆನ್ನಾಗಿ ಬಂದಿಲ್ಲ ಕಣೇ ಅದು, ಅನ್ನುತ್ತಾ ಅಮ್ಮ ಕೈ ಒರೆಸಿಕೊಂಡಳು, ಅರ್ಧ ಹಳೇ ಹಲ್ಲು ಅರ್ಧ ಹೊಸ ಹಲ್ಲು, ನನಗೆ ಗೊತ್ತಾಗಲ್ವಾ ನನ್ನ ಬಾಯಿ, ನಿನಗೂ ಗೊತ್ತಾಗಲಿಲ್ವಾ, ಇಷ್ಟು ವರ್ಷ ಏನು ಹಲ್ಲು ಮಾಡಿದ್ಯೋ, ಮತ್ತೆ ಆ ಚಿತ್ರದಲ್ಲಿ ಮೂಗು ಅಷ್ಟು ದಪ್ಪ ಬೇಡ ಅಂತ ಆ ಹುಡುಗಿಗೆ ಹೇಳು. ಮೊದಲಿಂದ ಮಾಡೋಣ. ಯಾವ ಹಲ್ಲಲ್ಲಮ್ಮ ಅಂದಳು ಇವಳು, ದನಿ ಒಡೆದು, ಹಳೇದರಲ್ಲಾ ಹೊಸದರಲ್ಲಾ? ಎರಡೂ ಬೇಡ, ಬೊಚ್ಚಮ್ಮ ಅಂತ ಹೆಸರಿಟ್ಟು ಹಲ್ಲು ಹಾಕ್ಕೊಂಡು ಹಾಡಿದ್ರೆ ಕೇಳೋರು ಬೈಯಲ್ವಾ. ಬೆರಳು ಬಾಯಿಗೆ ಹೋಯಿತು, ಮೇಲಿನದು ಚಪ್ ಎಂದು ಕಳಚಿತು, ಕೆಳಗಿನದು ಕಳಚಿತು, ಅಮ್ಮನ ಮುಖ ಒಳಗೆ ಮಡಚಿಕೊಂಡಿತು, ಮಡಚಿಕೊಂಡೇ ನಕ್ಕಿತು, ಹಲ್ಲಿಡುವ ಲೋಟ ಎಲ್ಲಿ ಅಂತ ಹುಡುಕಿದಳು, ಲೋಟ ಸೋಪಿನ ನೀರಿನಲ್ಲಿ ಮುಳುಗಿದೆ, ಹತ್ತಿರದಲ್ಲಿ ನಿಂತದ್ದು ಅಣ್ಣ, ಹಿದ್ಕೋ ಅಂದಳು ಬೊಚ್ಚು ಬಾಯಲ್ಲಿ, ಅರವತ್ತರ ಹತ್ತಿರದ ಮನುಷ್ಯ, ತಲೆ ಬೇಡ ಅನ್ನುವ ಮೊದಲೇ ಕೈ ಮುಂದೆ ಬಂದುಬಿಟ್ಟಿತು, ಅಮ್ಮ ಕೊಟ್ಟದ್ದನ್ನು ತೆಗೆದುಕೊಂಡು ಗೊತ್ತಿದ್ದ ಕೈ ಅದು. ಫ್ರಿಜ್ ಆರಿಸೇ, ಹಾಲು ಮೊದಲೇ ಕಾಯಿಸಿಟ್ಟಿದ್ದೀನಿ, ಹೋದಸಲದ ಹಾಗೆ ಮಾಡಬೇಡ. ಬಟ್ಟೆಗಳು ಹಾಸಿಗೆಯ ಮೇಲೆ, ಕಂಬಳಿ, ಸ್ಟೂಲು, ಅಮ್ಮ ಬೀರುವಿನೊಳಗೆ ಕಾಲು ಮಡಚಿದಳು, ಕಾಲುಚೀಲದ ಮೈಕಿನ ಹಿಂದಿನಿಂದ ಮಗನ ಕಡೆ ನೋಡಿ ತುಟಿಗೆ ಬೆರಳಿಟ್ಟಳು, ಶ್, ಉಸಿರು ಬಿಡಬೇಡ, ಇದು ಎಲ್ಲ ಕೇಳಿಸ್ಕೊಳ್ಳುತ್ತೆ. ಇವಳು ಕುರ್ಚಿಯಲ್ಲಿ ಕೂತಳು, ಕೆಂಪು ಗುಂಡಿ ಒತ್ತಿದಳು. ಕ, ಅಂದಳು ಅಮ್ಮ. ಹಲ್ಲಿಲ್ಲದ ಕ, ನುಣ್ಣಗಿನ ಕ, ಯಾರ ಅಚ್ಚಿನಲ್ಲೂ ಎರಕ ಹೊಯ್ಯದ ಕ, ಪರದೆಯ ಮೇಲೆ ಗೆರೆ ಎದ್ದಿತು, ಅದನ್ನು ನೋಡಬೇಕು, ಗೆರೆ ಸಮವಾಗಿದೆಯೇ ನೋಡಬೇಕು, ಕಾ, ಅಂದಳು ಅಮ್ಮ, ನೋಡಬೇಕು, ಆದರೆ ಕಣ್ಣು ಅಲ್ಲಿ ನಿಲ್ಲುತ್ತಿಲ್ಲ, ಮೇಜಿನ ಆಚೆ ಅಣ್ಣ, ಮೇಜಿನ ಮೇಲಿಟ್ಟರೆ ಸದ್ದು, ಮುಷ್ಟಿ ಮಡಚಿದರೆ ಸದ್ದು, ಹೊರಗೆ ಹೋದರೆ ಬಾಗಿಲಿನ ಸದ್ದು, ಉಸಿರು ಬಿಗಿಹಿಡಿದು ನಿಂತಿದ್ದಾನೆ, ಕಣ್ಣು ಒದ್ದೆ, ಕಿ, ಅಂದಳು ಅಮ್ಮ, ಅಣ್ಣನ ಚಾಚಿದ ಅಂಗೈ, ಅಂಗೈ ಮೇಲೆ ಹಲ್ಲು, ಗುಲಾಬಿ ವಸಡು, ಇಪ್ಪತ್ತೆಂಟು, ಒಂದೊಂದಾಗಿ ಅವಳೇ ಕೂರಿಸಿದ್ದು, ಕೀ, ಅಂಗೈ, ಅಂಗೈ ಮೇಲೆ ಅಮ್ಮನ ಹಲ್ಲು, ಅಲುಗಾಡದೆ.